ಹದಿನೇಳು ತಟ್ಟೆಗಳ ಟರ್ಬೈನ್

ಊಟದ ತಟ್ಟೆಗಳನ್ನು ತೊಳೆದು ಒಂದರ ಮೇಲೊಂದು ಇಟ್ಟರೆ ಎರಡು ಒದ್ದೆ ತಟ್ಟೆಗಳು ಅಂಟಿಕೊಂಡುಬಿಡುತ್ತವೆ. ಮೇಲಿನದನ್ನು ತಿರುವಿದರೆ ಕೆಳಗಿನದೂ ಅದರ ಹಿಂದೆಯೇ ತಿರುಗುತ್ತದೆ. ನಡುವೆ ಇರುವುದು ನೀರಿನ ಒಂದು ತೆಳು ಪದರ, ಅಷ್ಟೇ. ರೆಕ್ಕೆಯಿಲ್ಲದ ಟರ್ಬೈನ್ ಅಂದರೇನು ಎಂದು ನನಗೆ ತಿಳಿದದ್ದು ಹೀಗೆ, ಬಚ್ಚಲಲ್ಲಿ ಕೂತು ಪಾತ್ರೆ ತಿಕ್ಕುವಾಗ. ಅದಕ್ಕೂ ಮೊದಲು ನಮ್ಮ ಯಜಮಾನರು ಎರಡು ದಿನ ಫೋನಿನಲ್ಲಿ ವಿಡಿಯೋ ತೋರಿಸಿದ್ದರು, ಕಾಗದದ ಮೇಲೆ ಚಿತ್ರ ಬರೆದಿದ್ದರು. ನನ್ನ ತಲೆಗೆ ಹತ್ತಿರಲಿಲ್ಲ.

"ಫ್ಯಾನಿಗೆ ರೆಕ್ಕಿ ಇರ್ತಾವ, ಗಾಳಿ ಬಡಿದರ ತಿರುಗ್ತೈತಿ. ಇದಕ್ಕ ರೆಕ್ಕಿನ ಇಲ್ಲ ಅಂತೀರಿ. ಗಾಳಿ ಬಡಿಯೋದು ಯಾವುದಕ್ಕ?" ಅಂತ ನಾನು ಕೇಳಿದ್ದೆ.

"ಬಡಿಯೋದಿಲ್ಲ. ಸವರಿಕೊಂಡು ಹೋಗ್ತೈತಿ. ಆ ಸವರಿದ್ದಕ್ಕನ ತಿರುಗ್ತೈತಿ" ಅಂದಿದ್ದರು.

ಬಚ್ಚಲಿನಿಂದ ಅವರನ್ನು ಕೂಗಿ ಕರೆದು ಎರಡು ತಟ್ಟೆಗಳನ್ನು ತಿರುವಿ ತೋರಿಸಿದೆ. ನನಗೆ ತಿಳಿಯಿತಲ್ಲ ಎಂದು ಖುಷಿಪಡುತ್ತಾರೆ ಅಂದುಕೊಂಡರೆ, ಆ ಪುಣ್ಯಾತ್ಮರು ನೋಡುತ್ತಿದ್ದದ್ದು ತಟ್ಟೆಯನ್ನು. "ಇದು ತುಕ್ಕು ಹಿಡಿಯೋದಿಲ್ಲ, ಹೌದಿಲ್ಲೋ? ಟ್ರಂಕಿನ್ಯಾಗ ಇಂಥವು ಎಷ್ಟು ಅದಾವ?" ಅಂದರು. ಮದುವೆಗೆ ಬಂದವು, ಮನೆ ಒಕ್ಕಲಿಗೆ ಬಂದವು, ಎಲ್ಲ ಸೇರಿ ಎರಡು ಡಜನ್ ಮೇಲಿದ್ದವು. ಅವತ್ತೇ ಟ್ರಂಕು ಕೆಳಗಿಳಿಯಿತು.

ಹೊಸಪೇಟೆಯಲ್ಲಿ ನಮ್ಮದು ಲೇತ್ ಅಂಗಡಿ. ಸಂಡೂರಿನ ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಮೂವರು ಕೆಲಸಗಾರರಿದ್ದರು. ಅಂಗಳದ ತುಂಬ ಲಾರಿಯ ಶಾಫ್ಟುಗಳು, ಎಲ್ಲದರ ಮೇಲೂ ಕೆಂಪು ಧೂಳು. ಗಣಿಯ ಕೆಲಸ ನಿಂತಾಗ ಲಾರಿಗಳೂ ನಿಂತವು, ಕೆಲಸಗಾರರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಕಂಪ್ಲಿಯ ಅಕ್ಕಿ ಗಿರಣಿಗಳ ಕೆಲಸವಷ್ಟೇ ಉಳಿಯಿತು. ಆಗ ನಾನು ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಇಳಿದೆ. ಮೊದಲು ಕಬ್ಬಿಣದ ಚೂರು ಗುಡಿಸುತ್ತಿದ್ದೆ, ಆಮೇಲೆ ಅಳತೆ ಹಿಡಿಯುತ್ತಿದ್ದೆ, ಆಮೇಲೆ ಡ್ರಿಲ್ಲು, ಆಮೇಲೆ ಲೇತು. ಹೆಣ್ಣುಮಗಳು ಮಿಷನ್ ಮುಂದೆ ನಿಂತಿದ್ದಾಳೆ ಎಂದು ಓಣಿಯವರು ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಹಾಕಲು ನನಗೆ ಪುರುಸೊತ್ತಿರಲಿಲ್ಲ.

ಅವರ ಕೈ ನಡುಗಲು ಶುರುವಾದದ್ದು ಆಮೇಲೆ. ಮೊದಲು ಬಲಗೈ. ಚಹಾದ ಗ್ಲಾಸು ತುಟಿಗೆ ಮುಟ್ಟುವುದರೊಳಗೆ ಅರ್ಧ ಅಂಗಿಯ ಮೇಲಿರುತ್ತಿತ್ತು. ಬಳ್ಳಾರಿಯ ಡಾಕ್ಟರು ನೋಡಿ, ಇದು ನರದ ಕಾಯಿಲೆ, ಗುಳಿಗೆಯಿಂದ ನಿಧಾನವಾಗಬಹುದು, ಹಿಂದಕ್ಕೆ ಹೋಗುವುದಿಲ್ಲ ಅಂದರು. ಮರುದಿನ ಯಜಮಾನರು ಅಳತೆಯ ಕಾಲಿಪರ್ ತಂದು ನನ್ನ ಕೈಗೆ ಕೊಟ್ಟು, "ಇನ್ನ ಮ್ಯಾಲೆ ನೀನ ನೋಡು" ಅಂದರು. ಮೂವತ್ತು ವರ್ಷ ಯಾರನ್ನೂ ಮುಟ್ಟಗೊಡದ ಕಾಲಿಪರ್ ಅದು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಟರ್ಬೈನ್ ಹುಚ್ಚು ಹತ್ತಿದ್ದು ಅದಾದ ಕೆಲವೇ ತಿಂಗಳಿಗೆ. ಕಂಪ್ಲಿಯ ಒಂದು ಗಿರಣಿಯಲ್ಲಿ ಭತ್ತ ಕುದಿಸಲು ಹೊಟ್ಟು ಉರಿಸುವ ಬಾಯ್ಲರ್ ಇತ್ತು. ಭತ್ತ ಬೆಂದ ಮೇಲೂ ಉಳಿದ ಹಬೆ ಸುಮ್ಮನೆ ಗಾಳಿಗೆ ಹೋಗುತ್ತಿತ್ತು. ಅದರಿಂದ ಒಂದು ಸಣ್ಣ ಟರ್ಬೈನ್, ಟರ್ಬೈನಿನಿಂದ ಒಂದು ಡೈನಮೋ ತಿರುಗಿಸಿ ಬಾಯ್ಲರ್ ಕೋಣೆಗೆ ದೀಪ ಹಾಕಿ ತೋರಿಸುತ್ತೇನೆ ಎಂದು ಇವರು ಗಿರಣಿ ಸಾವ್ಕಾರನಿಗೆ ಹೇಳಿದ್ದರು. ಸಾವ್ಕಾರ ಒಳ್ಳೆಯವನು. ಒಂದು ಪೈಪು ಬಿಟ್ಟುಕೊಡ್ತೀನಿ, ಮಾಡ್ರಿ ಅಂದಿದ್ದ.

"ಯಾಕ್ರೀ ಬೇಕಿದು ನಿಮಗ? ಸುಮ್ನ ಕುಂದ್ರಾಕ ಆಗೂದಿಲ್ಲೇನು?" ಅಂತ ನಾನು ಸಿಡುಕಿದೆ.

ಅವರು ತಮ್ಮ ಕೈಯನ್ನೇ ನೋಡುತ್ತ ಹೇಳಿದರು: "ಹಂಗಲ್ಲ. ಬಾಕಿ ಎಲ್ಲ ನೀ ಮಾಡು, ನಾ ಹೇಳ್ತೀನಿ. ಶಾಫ್ಟ್ ಮಾತ್ರ ನಾನ ಮಾಡ್ತೀನಿ. ಅದೊಂದು ನೆಟ್ಟಗ ತಿರುಗಿತಂದ್ರ ಸಾಕು. ಕೈ ಇನ್ನೂ ಸತ್ತಿಲ್ಲಂತ ನನಗ ಗೊತ್ತಾಗ್ತೈತಿ."

ಮರುದಿನದಿಂದ ಕೆಲಸ ಹಿಡಿದೆವು.

ಕೆಲಸ ಕೇಳಲು ಸರಳ. ಹದಿನೇಳು ತಟ್ಟೆಗಳ ಅಂಚು ಕತ್ತರಿಸಿ, ತಳವನ್ನಷ್ಟೇ ಉಳಿಸಿ, ಐದು ಇಂಚಿನ ಗುಂಡನೆಯ ಬಿಲ್ಲೆ ಮಾಡಬೇಕು. ನಟ್ಟನಡುವೆ ಶಾಫ್ಟಿಗೆ, ಅಂದರೆ ಎಲ್ಲವನ್ನೂ ಹೊತ್ತು ತಿರುಗುವ ಸರಳಿಗೆ, ಒಂದು ತೂತು, ಅದರ ಸುತ್ತ ಹಬೆ ಹೊರಹೋಗಲು ಮೂರು ಸಣ್ಣ ತೂತು. ಒಂದು ಬಿಲ್ಲೆ, ಒಂದು ತೆಳು ವಾಷರ್, ಮತ್ತೆ ಬಿಲ್ಲೆ, ಮತ್ತೆ ವಾಷರ್, ಹೀಗೆ ಶಾಫ್ಟಿಗೆ ಪೋಣಿಸುತ್ತ ಹೋಗಬೇಕು. ಕೊನೆಗೆ ನಟ್ಟು ಬಿಗಿದು, ಶಾಫ್ಟಿನ ಎರಡು ತುದಿಗೂ ಬೇರಿಂಗು ಹಾಕಿ, ದುಂಡನೆಯ ಕಬ್ಬಿಣದ ಡಬ್ಬಿಯೊಳಗೆ ಇಳಿಸಬೇಕು. ಹಬೆ ಡಬ್ಬಿಯ ಅಂಚಿನಿಂದ ಒಳಗೆ ನುಗ್ಗಿ, ಬಿಲ್ಲೆಗಳ ಸಂದಿಯಲ್ಲಿ ಸುತ್ತುತ್ತ, ಅವನ್ನೂ ಎಳೆದುಕೊಂಡು ನಡುವಿನ ತೂತಿಗೆ ಬಂದು ಹೊರಗೆ ಹೋಗುತ್ತದೆ. ಎಲ್ಲ ಬಿಲ್ಲೆಗಳ ತೂತೂ ಕೂದಲೆಳೆ ಆಚೀಚೆಯಾಗದಂತೆ ನಡುವಿನಲ್ಲೇ ಇರಬೇಕು, ಇಲ್ಲದಿದ್ದರೆ ವೇಗ ಹೆಚ್ಚಿದಂತೆ ಇಡೀ ಡಬ್ಬಿ ಅದುರುತ್ತದೆ. ಅದಕ್ಕೇ ಹದಿನೇಳನ್ನೂ ಒಟ್ಟಿಗೆ ಬಿಗಿದು ಒಂದೇ ಸಲ ತೂತು ಹಾಕಬೇಕೆಂದು ಅವರು ಹತ್ತು ಸಲ ಹೇಳಿದ್ದರು.

ನಮ್ಮ ಕಡೆ ಸ್ಟೀಲು ಸಾಮಾನು ಉಡುಗೊರೆ ಕೊಡುವವರು ಹೆಸರು ಹಾಕಿಸದೆ ಕೊಡುವುದಿಲ್ಲ. ಪಾತ್ರೆ ಅಂಗಡಿಯಲ್ಲೇ ಕುರ್ರ್ ಎನ್ನುವ ಒಂದು ಸಣ್ಣ ಮಿಷನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆದುಕೊಡುತ್ತಾರೆ. ಹೆಚ್ಚಿನವು ತಟ್ಟೆಯ ಅಂಚಿನಲ್ಲಿದ್ದವು. ಕತ್ತರಿಸುತ್ತ ಹೋದಂತೆ ನಮ್ಮ ಮದುವೆಗೆ ಬಂದ ಸೋದರಮಾವಂದಿರು, ದೊಡ್ಡಪ್ಪಂದಿರು ಎಲ್ಲ ಗುಜರಿಯ ಬುಟ್ಟಿಗೆ ಬಿದ್ದರು. "ನಿಮ್ಮ ಕಡಿಯವರು ಒಬ್ಬರೂ ಉಳಿವಲ್ರು" ಅಂತ ಅವರು ನಕ್ಕರು. "ನಿಮ್ಮ ಕಡಿಯವರು ಕೊಟ್ಟಿದ್ದರಲ್ಲೇನ್ರಿ ಉಳಿಯೋದು" ಅಂದೆ ನಾನು. ಕಾಯಿಲೆ ಬಂದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಹದಿನೇಳು ಬಿಲ್ಲೆಗಳಾದವು. ಅವುಗಳಲ್ಲಿ ಒಂದನ್ನು ನಾನೇ ಇಕ್ಕಳದಲ್ಲಿ ಹೆಚ್ಚು ಬಿಗಿದು ಸೊಟ್ಟ ಮಾಡಿದೆ. ಮರುದಿನ ಅವರು ಹಬೆಯ ಪೈಪು ನೋಡಲು ಕಂಪ್ಲಿಗೆ ಹೊರಟಿದ್ದರು. "ಯಾವದಾರ ತಟ್ಟಿ ತಗೊಂಡು ಇನ್ನೊಂದು ಮಾಡು. ಉಳಿದವುಗಳ ಜೊತಿ ಬಿಗಿದು ತೂತು ಹಾಕು" ಎಂದು ಹೇಳಿ ಬಸ್ಸು ಹತ್ತಿದರು.

ಇಲ್ಲಿ ನಮ್ಮ ಮಗಳ ಮಾತು ಹೇಳಬೇಕು. ನಮಗಿದ್ದವಳು ಅವಳೊಬ್ಬಳೇ. ಎರಡನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು, ಐದನೆಯ ದಿನ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಮೂರನೆಯ ದಿನ ಯಜಮಾನರು ಗೋಡೆಯ ಮೇಲಿನ ಅವಳ ಫೋಟೋ ಇಳಿಸಿದರು. ಅವಳ ಫ್ರಾಕು, ಪುಸ್ತಕ, ಲೇತ್ ಪಕ್ಕದಲ್ಲಿ ಕೂತು ಆಡುತ್ತಿದ್ದ ವಾಷರ್‌ಗಳ ಸರ, ಎಲ್ಲ ಒಂದು ಗಂಟು ಕಟ್ಟಿ ಎಲ್ಲಿಗೋ ಒಯ್ದು ಕೊಟ್ಟು ಬಂದರು. ಆಮೇಲೆ ಹನ್ನೊಂದು ವರ್ಷ ಅವರ ಬಾಯಿಂದ ಅವಳ ಹೆಸರು ಬರಲಿಲ್ಲ. ನಾನು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಬಂಗಾರ ಹೊತ್ತು ಹೊತ್ತು ನನ್ನ ಕುತ್ತಿಗೆ ಬಗ್ಗಿ ಹೋಗಿತ್ತು.

ಗಂಟಿನಿಂದ ತಪ್ಪಿಸಿಕೊಂಡು ಉಳಿದದ್ದು ಅವಳ ತಟ್ಟೆ ಒಂದೇ. ತೊಟ್ಟಿಲಿಗೆ ಹಾಕಿದ ದಿನ ನನ್ನವ್ವ ಕೊಟ್ಟದ್ದು. ಸಣ್ಣ ತಟ್ಟೆಯಾದ್ದರಿಂದ ಅಂಚಿನಲ್ಲಿ ಜಾಗ ಸಾಲದೆ ತಳದಲ್ಲೇ, ನಡುವಿಗೆ ಹತ್ತಿರ, ಮಗುವಿನ ಹೆಸರು ಹಾಕಿಸಿದ್ದಳು. ಅದನ್ನು ನಾನು ಹಾಲಿನ ಪಾತ್ರೆಗೆ ಮುಚ್ಚುತ್ತಿದ್ದೆ. ಯಾರ ಕಣ್ಣಿಗೂ ಅದು ಮುಚ್ಚಳ, ನನಗೆ ಮಾತ್ರ ತಟ್ಟೆ. ಯಜಮಾನರು ಗಮನಿಸಿಲ್ಲ ಎಂದೇ ನಂಬಿದ್ದೆ.

ಅವತ್ತು ಅವರ ಬಸ್ಸು ಹೋದ ಮೇಲೆ ಟ್ರಂಕಿನ ಮುಂದೆ ಕೂತೆ. ಇನ್ನೂ ಏಳೆಂಟು ತಟ್ಟೆಗಳಿದ್ದವು. ಆದರೆ ಎದ್ದು ಅಡಿಗೆಮನೆಗೆ ಹೋಗಿ ಹಾಲಿನ ಪಾತ್ರೆಯ ಮೇಲಿನದನ್ನು ತಂದೆ. ಯಾಕೆ ಎಂದು ಕೇಳಿದರೆ ಈಗಲೂ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಅವಳ ಅಪ್ಪ ಕೊನೆಯ ಸಲ ಮಾಡುವ ಕೆಲಸದಲ್ಲಿ ಅವಳೂ ಇರಲಿ ಅನ್ನಿಸಿತು. ಹನ್ನೊಂದು ವರ್ಷ ಹೆಸರೆತ್ತದವರ ಕಣ್ಣೆದುರಿಗೇ, ಅವರಿಗೆ ಗೊತ್ತಿಲ್ಲದೆ, ಅವಳು ತಿರುಗಲಿ ಅನ್ನಿಸಿತು. ಅದರಲ್ಲಿ ಪ್ರೀತಿ ಇತ್ತು, ಸ್ವಲ್ಪ ಸೇಡೂ ಇತ್ತು.

ಅಂಚು ಕತ್ತರಿಸಿ ಗುಂಡಗೆ ಮಾಡಿದೆ. ತೂತು ಹಾಕಲು ನಡುವೆ ಗುರುತು ಮಾಡಿದರೆ, ಅದು ಹೆಸರಿನ ಮೊದಲ ಅಕ್ಷರದ ಬಾಲವನ್ನು ತಿನ್ನುತ್ತಿತ್ತು. ಉಳಿದ ಬಿಲ್ಲೆಗಳ ಜೊತೆ ಬಿಗಿದರೆ ತೂತು ಅಲ್ಲಿಯೇ ಬೀಳುವುದು. ನನಗೆ ಕೈ ಬರಲಿಲ್ಲ. ಉಳಿದ ಹದಿನಾರನ್ನಷ್ಟೇ ಒಟ್ಟಿಗೆ ಬಿಗಿದು ತೂತು ಹಾಕಿದೆ. ಇದರ ಗುರುತನ್ನು ಅಳಿಸಿ, ಹೆಸರಿನಿಂದ ಸ್ವಲ್ಪ ಆಚೆಗೆ, ಕೂದಲೆಳೆಗಿಂತ ತುಸು ಹೆಚ್ಚು ಇರಬಹುದು, ಸರಿಸಿ ಒಂಟಿಯಾಗಿಯೇ ತೂತು ಕೊರೆದೆ. ಇಷ್ಟಕ್ಕೆ ಏನಾದೀತು ಅಂದುಕೊಂಡೆ. ಸಂಜೆ ಅವರು ಬರುವುದರೊಳಗೆ ಅದನ್ನು ಎಲ್ಲದರ ನಡುವೆ ಸೇರಿಸಿ ಇಟ್ಟಿದ್ದೆ. ಹಾಲಿನ ಪಾತ್ರೆಗೆ ಹಳೆಯ ನೋಟ್‌ಬುಕ್ಕಿನ ರಟ್ಟು ಮುಚ್ಚಿದೆ.

ಶಾಫ್ಟನ್ನು ಅವರೇ ಮಾಡಿದರು. ಸ್ಟೂಲಿನ ಮೇಲೆ ಕೂತು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಲೇತಿನ ಚಕ್ರವನ್ನು ಹಲ್ಲು ಹಲ್ಲಾಗಿ ತಿರುಗಿಸುತ್ತ ನಾಲ್ಕು ದಿನ ಮಾಡಿದರು. ಮೊದಲಾಗಿದ್ದರೆ ಅದು ಅರ್ಧ ದಿನದ ಕೆಲಸ. ನಾನು ಬಿಲ್ಲೆ, ವಾಷರ್ ಪೋಣಿಸಿದೆ, ನಟ್ಟು ಬಿಗಿದೆ. ಅವರು ಬೆರಳು ಸವರಿ ನೋಡಿ, "ಬೆರಳಿಗೆ ಏನೂ ತಿಳಿವಲ್ದು. ನೀ ನೋಡಿದಿಯಲ್ಲ?" ಅಂದರು. ನೋಡಿದೆ ಅಂದೆ.

ಪರೀಕ್ಷೆಗೆ ಹಬೆಯ ಬದಲು ಕಂಪ್ರೆಸರಿನ ಗಾಳಿ ಬಿಟ್ಟೆವು. ಮೊದಲು ಸದ್ದಿಲ್ಲದೆ ತಿರುಗಿತು. ವೇಗ ಹೆಚ್ಚಿದ ಹಾಗೆ ಡಬ್ಬಿ ಗಡಗಡ ನಡುಗಿ ಮೇಜಿನ ಮೇಲಿನ ಸ್ಪ್ಯಾನರ್‌ಗಳು ಕೆಳಗೆ ಬಿದ್ದವು. ನಾನು ಗಾಳಿ ನಿಲ್ಲಿಸಿದೆ. ಇದು ನಾನು ಸರಿಸಿದ ತೂತಿನದೇ ಕೆಲಸ ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು.

ಅವರು ನನ್ನನ್ನು ನೋಡಲಿಲ್ಲ. "ಶಾಫ್ಟ್ ಸೊಟ್ಟ ಆಗೇತಿ. ನನ್ನ ಕೈ" ಅಂದರು.

ಆಗಲೇ ಹೇಳಬೇಕಿತ್ತು. ಹೇಳಬೇಕಾದರೆ ಅವಳ ಹೆಸರು ಎತ್ತಬೇಕಿತ್ತು, ನಮ್ಮ ಮನೆಯಲ್ಲಿ ಅದು ಬಂಡೆಗಲ್ಲು ಎತ್ತಿದ ಹಾಗೆ. ಹೇಳಿದರೆ ಆ ಬಿಲ್ಲೆಯನ್ನು ತೆಗೆದು ಹಾಕುತ್ತಾರೆ ಎಂಬ ಭಯವೂ ಇತ್ತು. ಅವರಿಲ್ಲದಾಗ ಬದಲಿಸೋಣ ಅಂದುಕೊಂಡೆ. ಆದರೆ ಅವರು ಟರ್ಬೈನ್ ಬಿಟ್ಟು ಏಳುತ್ತಲೇ ಇರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ಸುಮ್ಮನಿದ್ದೆ. ಎರಡನೆಯ ಶಾಫ್ಟು ಮಾಡಿದರು. ಮತ್ತೆ ಅದೇ ನಡುಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವರು ನೋಡಿದರೆ ಡೊಂಕಾದ ನೆಲದ ಮೇಲೆ ನಿಂತು ತನಗೆ ಕುಣಿಯಲು ಬರುವುದಿಲ್ಲ ಎಂದು ಅಳುತ್ತಿದ್ದರು. ಹೌದು, ಅತ್ತರು. ಮೂರನೆಯ ಶಾಫ್ಟು ಕೂಡ ಹಾಗೆಯೇ ಆದ ದಿನ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅತ್ತರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಬಾಯಿ ಅವತ್ತೂ ತೆರೆಯಲಿಲ್ಲ. ಇದಕ್ಕಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ಅದಾಗಿ ಒಂದು ವಾರಕ್ಕೆ ಕಂಪ್ಲಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಸೀಮಂತವಿತ್ತು. ಹೋಗಲು ಮನಸ್ಸಿರಲಿಲ್ಲ. ಅವರೇ, "ಹೋಗಿ ಬಾ, ಎರಡು ದಿನ ನಾ ಇರ್ತೀನಿ, ಸಣ್ಣ ಹುಡುಗ ಅಲ್ಲ" ಎಂದು ಕಳಿಸಿದರು. ಮೂರನೆಯ ದಿನ ಬೆಳಿಗ್ಗೆ ವಾಪಸ್ ಬಂದರೆ ಅಂಗಡಿಯಿಂದ ಒಂದು ಸಣ್ಣ ಗುಂಯ್ ಸದ್ದು ಬರುತ್ತಿತ್ತು. ಟರ್ಬೈನ್ ತಿರುಗುತ್ತಿತ್ತು. ಡಬ್ಬಿಯ ಮೇಲೆ ಅವರು ಒಂದು ಗ್ಲಾಸು ನೀರು ಇಟ್ಟಿದ್ದರು, ನೀರು ಅಲುಗುತ್ತಿರಲಿಲ್ಲ.

"ಏನ್ ಮಾಡಿದ್ರಿ?" ಎಂದು ಕೇಳಿದೆ.

"ಬೇರಿಂಗ್ ಬದಲಿ ಮಾಡಿದೆ. ಅದರದ ತಪ್ಪಿತ್ತು" ಅಂದರು. ಆಮೇಲೆ, "ಕೇಳಿಲ್ಲಿ. ನಾ ಇಲ್ಲದಾಗ ಇದನ್ನ ಯಾವಾಗರ ಬಿಚ್ಚಿದರ, ಒಂದೂ ಬದಲಿ ಮಾಡಬ್ಯಾಡ. ಇದ್ದ ಹಂಗ, ಇದ್ದ ಸಾಲಿನ್ಯಾಗ ಇಡು" ಅಂದರು. ಕಸುಬಿನ ಮಾತು ಎಂದು ತಲೆಯಾಡಿಸಿದೆ. ಒಳಗೆ ಹೋದರೆ ಹಾಲಿನ ಪಾತ್ರೆಯ ಮೇಲೆ ಒಂದು ಹೊಸ ಮುಚ್ಚಳವಿತ್ತು. ಉಳಿದ ತಟ್ಟೆಯೊಂದನ್ನು ಕತ್ತರಿಸಿ, ಮೇಲೆ ಒಂದು ಹಿಡಿಕೆ ಕೂರಿಸಿದ್ದರು. ಬೇಸರ ಕಳೆಯಲು ಮಾಡಿದ್ದಾರೆ ಅಂದುಕೊಂಡೆ. ನನ್ನ ಮೇಲೆ ಬಿದ್ದಿದ್ದ ಭಾರ ಇಳಿದಿತ್ತು. ಬೇರಿಂಗಿನದೇ ತಪ್ಪು, ನನ್ನದಲ್ಲ ಎಂದು ನಂಬಲು ನಾನು ಕಾದು ಕೂತಿದ್ದೆ, ನಂಬಿದೆ.

ಟರ್ಬೈನನ್ನು ಗೋಣಿಚೀಲದಲ್ಲಿ ಸುತ್ತಿ, ಕಮಲಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಕಂಪ್ಲಿಗೆ ಒಯ್ದೆವು. ಬಾಯ್ಲರ್ ಕೋಣೆಯಲ್ಲಿ ಪೈಪಿಗೂ ಡೈನಮೋಗೂ ಜೋಡಿಸಿದ್ದು ನಾನು, ಹಬೆಯ ವಾಲ್ವ್ ತಿರುಗಿಸಿದ್ದು ಅವರು. ಬಲ್ಬು ಮೊದಲು ಕೆಂಪಗೆ, ಆಮೇಲೆ ಬೆಳ್ಳಗೆ ಹತ್ತಿತು. ಅವರು ಡಬ್ಬಿಯ ಮೇಲೆ ಕೈ ಇಟ್ಟರು. ಕೈ ನಡುಗುತ್ತಿತ್ತು, ಡಬ್ಬಿ ನಡುಗುತ್ತಿರಲಿಲ್ಲ.

ಸಾವ್ಕಾರನಿಗೆ ಭಾರಿ ಸಂತೋಷವಾಯಿತು. "ಮಸ್ತ್ ಆಗೇತ್ರಿ. ಆದರ ಇಷ್ಟು ಸಣ್ಣದಕ್ಕ ನಾಕೈದು ತಿಂಗಳು ಯಾಕ ಹತ್ತಿತ್ರಿ?" ಎಂದು ಕೇಳಿದ.

"ಶಾಫ್ಟ್ ನಂದು, ಸಾವ್ಕಾರ್ರ. ಕೈ ನಡುಗ್ತಾವಲ್ಲ, ಮೂರು ಸಲ ಕೆಡಿಸಿದೆ. ಅದಕ್ಕ ತಡ ಆತು. ಈಕಿದು ಏನೂ ತಪ್ಪಿಲ್ಲ" ಅಂದರು ಯಜಮಾನರು. ನಾನು ಅವರಿಗೆ ಕುಡಿಸಲೆಂದು ಚಹಾದ ಗ್ಲಾಸು ಹಿಡಿದುಕೊಂಡು ನಿಂತಿದ್ದೆ. ಬೇರಿಂಗಿನ ತಪ್ಪು ಅಂದವರು ಇಲ್ಲಿ ಯಾಕೆ ಹೀಗೆ ಹೇಳುತ್ತಾರೆ ಎಂಬ ಯೋಚನೆ ಒಂದು ಗಳಿಗೆ ಬಂತು. ಚಹಾ ಆರುತ್ತದೆಂದು ಮರೆತೆ.

ಅದಾದ ಮೇಲೆ ಅವರು ಇದ್ದದ್ದು ಒಂದೂವರೆ ವರ್ಷ. ಕೊನೆಕೊನೆಗೆ ನಾನೇ ತುತ್ತು ಮಾಡಿ ಉಣ್ಣಿಸುತ್ತಿದ್ದೆ. ಎದೆಯಲ್ಲಿ ಕಫ ಕಟ್ಟಿತು, ಹೋದರು. ಮಗಳ ಪಕ್ಕದಲ್ಲೇ ಜಾಗ ಸಿಕ್ಕಿತು.

ಹೋದ ಬೇಸಿಗೆಯಲ್ಲಿ ಗಿರಣಿಯವರು ಟರ್ಬೈನನ್ನು ನನ್ನ ಅಂಗಡಿಗೆ ಕಳಿಸಿದರು. ಬೇರಿಂಗು ಸವೆದು ಕಿರುಗುಡುತ್ತಿದೆ, ಬದಲಿಸಿಕೊಡಿ ಅಂದಿದ್ದರು. ಡಬ್ಬಿಯ ಬೋಲ್ಟು ಬಿಚ್ಚಿದೆ. ಇವರು ಬದಲಿಸಿದೆ ಅಂದಿದ್ದ ಬೇರಿಂಗುಗಳು ನಾನು ಮೊದಲು ಹಾಕಿದವೇ. ನಾನು ಅವುಗಳ ಮೇಲೆ ಇಟ್ಟಿದ್ದ ಬಣ್ಣದ ಗುರುತು ಇನ್ನೂ ಇತ್ತು. ನಟ್ಟು ಬಿಚ್ಚಿ ಒಂದೊಂದೇ ಬಿಲ್ಲೆ ತೆಗೆದು ಪೇಪರ್ ಮೇಲೆ ಸಾಲಾಗಿ ಇಡುತ್ತ ಬಂದೆ.

ಎಂಟನೆಯ ಬಿಲ್ಲೆಯ ಅಂಚನ್ನು ಒಂದು ಕಡೆ ಅರದಿಂದ ಉಜ್ಜಿ ಸವೆಸಿದ್ದರು. ಒಂಬತ್ತನೆಯದು ಅವಳದು. ಅದಕ್ಕೆ ಅರ ಮುಟ್ಟಿರಲಿಲ್ಲ, ಹೆಸರು ಇದ್ದಂತೆಯೇ ಇತ್ತು. ಹತ್ತನೆಯದರ ಅಂಚೂ ಸವೆದಿತ್ತು. ಅವಳ ಬಿಲ್ಲೆಯಲ್ಲಿ ತೂತು ಸರಿದದ್ದರಿಂದ ಹೆಸರಿನ ಕಡೆ ಭಾರ ಹೆಚ್ಚಾಗಿತ್ತು. ಅದೇ ಕಡೆಗೆ, ಅವಳ ಆಚೀಚಿನವೆರಡನ್ನೂ ಹಗುರ ಮಾಡಿ ತೂಕ ಸರಿಮಾಡಿದ್ದರು. ಅರದ ಗೆರೆಗಳು ಒಂದೂ ನೆಟ್ಟಗಿರಲಿಲ್ಲ. ಅಂಕುಡೊಂಕು, ಅಲ್ಲಲ್ಲಿ ಜಾರಿ ಬಿಲ್ಲೆಯ ಮೈಮೇಲೆಲ್ಲ ಗೀರು. ಆ ಎರಡು ದಿನ ಒಬ್ಬರೇ ಕೂತು, ಗ್ಲಾಸು ಹಿಡಿಯಲಾಗದ ಕೈಯಿಂದ ಮಾಡಿದ ಕೆಲಸ ಅದು.

ಅವಳ ಬಿಲ್ಲೆ ತೆಗೆದು ಹಾಕಿ ಟ್ರಂಕಿನಿಂದ ಬೇರೊಂದು ತಟ್ಟೆ ಕತ್ತರಿಸಿದ್ದರೆ ಅವರಿಗೆ ಒಂದು ಗಂಟೆಯ ಕೆಲಸ. ತಟ್ಟೆ ಇತ್ತು, ಅದನ್ನು ಕತ್ತರಿಸಿಯೂ ಇದ್ದರು, ಹಾಲಿನ ಮುಚ್ಚಳಕ್ಕೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾನಿದ್ದೆ. ಅವರಿಗೆ ಹನ್ನೊಂದು ವರ್ಷದಿಂದಲೂ ಆ ಮುಚ್ಚಳ ಏನೆಂದು ಗೊತ್ತಿತ್ತು.

ಮೂಲೆಯ ಗುಜರಿಯನ್ನು ಕೆದಕಿ, ಅವರು ಕೆಟ್ಟಿತೆಂದು ಎಸೆದಿದ್ದ ಮೊದಲನೆಯ ಶಾಫ್ಟು ಹುಡುಕಿ ತೆಗೆದೆ. ಲೇತಿಗೆ ಕಟ್ಟಿ, ಕೂದಲೆಳೆ ಸೊಟ್ಟವಿದ್ದರೂ ಅಲುಗುವ ಅಳತೆಯ ಮುಳ್ಳು ತಾಗಿಸಿ, ಕೈಯಿಂದ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಮುಳ್ಳು ಅಲುಗಲಿಲ್ಲ. ಶಾಫ್ಟು ನೆಟ್ಟಗಿತ್ತು. ನಾಲ್ಕು ದಿನ ಮಣಿಕಟ್ಟು ಹಿಡಿದುಕೊಂಡು ಮಾಡಿದ್ದು, ಮೊದಲ ಸಲಕ್ಕೇ ನೆಟ್ಟಗಿತ್ತು. ಅವರ ಕೈ ಸತ್ತಿರಲಿಲ್ಲ. ಆ ಮಾತು ಕೇಳಲು ಅವರು ಅಷ್ಟು ಕಾದಿದ್ದರು, ಹೇಳಬೇಕಾದವಳು ನಾನೊಬ್ಬಳೇ ಇದ್ದೆ. ಕೊನೆಗೆ ಅದನ್ನು ತಾವೇ ತಿಳಿದುಕೊಂಡು, ನನ್ನ ಮಾನ ಉಳಿಸಲು ಸಾವ್ಕಾರನ ಮುಂದೆ ತಮ್ಮ ಕೈಯನ್ನೇ ಬೈದುಕೊಂಡರು.

ಹೊಸ ಬೇರಿಂಗು ಹಾಕಿದೆ. ಆ ಮೊದಲನೆಯ ಶಾಫ್ಟಿಗೇ ಬಿಲ್ಲೆ, ವಾಷರ್ ಇದ್ದ ಸಾಲಿನಲ್ಲೇ ಪೋಣಿಸಿದೆ. ಒಂಬತ್ತನೆಯದು ಕೈಗೆ ಬಂದಾಗ ಅವಳ ಹೆಸರನ್ನು ಬಾಯಿಬಿಟ್ಟು ಓದಿದೆ. ಆಮೇಲೆ ಅವರು ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿ, "ತಪ್ಪು ನನ್ನ ಕೈದ್ರಿ, ನಿಮ್ಮ ಕೈದಲ್ಲ" ಅಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಟ್ಟು ಬಿಗಿದೆ.